ಪದವಿ ಕಾಲೇಜಿನಲ್ಲಿ ಕೌಶಲ ಕೋರ್ಸ್ ಯೋಜಿಸುವುದು: ಮೊದಲು ಕೆಲಸ ಎಣಿಸಿ, ಆಮೇಲೆ ಸೀಟು

ಕೌಶಲ ಕೋರ್ಸುಗಳು ಸಾಮಾನ್ಯವಾಗಿ ಸೋಲುವುದು ಎರಡನೇ ಬ್ಯಾಚಿನಲ್ಲಿ. ಮೊದಲ ಬ್ಯಾಚಿನವರಿಗೆ ಪ್ರಿನ್ಸಿಪಾಲರ ಪರಿಚಯದ ಕಾರ್ಖಾನೆಗಳಲ್ಲಿ ಹೇಗೋ ಜಾಗ ಸಿಗುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಮರುವರ್ಷ ಅದೇ ಬಾಗಿಲು ತಟ್ಟಿದರೆ, "ಹೋದ ವರ್ಷದ ಹುಡುಗರೇ ಇದ್ದಾರಲ್ಲ ಸರ್" ಎಂಬ ಉತ್ತರ. ಆಗ ಎಲ್ಲರೂ ಸಿಲಬಸ್ ಬದಲಿಸಲು ಕೂರುತ್ತಾರೆ. ತಪ್ಪು ಸಿಲಬಸ್ಸಿನದಲ್ಲ. ಆ ಸುತ್ತಿನಲ್ಲಿ ವರ್ಷಕ್ಕೆ ನಿಜವಾಗಿ ಎಷ್ಟು ಹೊಸಬರು ಬೇಕು ಎಂದು ಯಾರೂ ಎಣಿಸಿರುವುದಿಲ್ಲ.

ಇಂಥ ಕೋರ್ಸು ನಡೆಸುವ ಸಮುದಾಯ ಕಾಲೇಜು ಅಮೆರಿಕದಲ್ಲಿ ಎರಡು ವರ್ಷದ ಪ್ರತ್ಯೇಕ ಸಂಸ್ಥೆ. ನಮ್ಮಲ್ಲಿ ಅದು ಬಹುಮಟ್ಟಿಗೆ ಇರುವ ಪದವಿ ಕಾಲೇಜಿನ ಒಳಗೇ ನಡೆಯುವ ಒಂದು ವಿಭಾಗ. ಯುಜಿಸಿ 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ (2012–17) ಸಮುದಾಯ ಕಾಲೇಜು ಯೋಜನೆಯನ್ನೂ 2014ರಲ್ಲಿ ಬಿ.ವೊಕ್. ಎಂಬ ವೃತ್ತಿಕೌಶಲದ ಪದವಿಯನ್ನೂ ತಂದಿತು. ಅನುದಾನ ಇರಲಿ ಬಿಡಲಿ, ಯೋಜನೆ ಮಾಡುವ ಬಗೆ ಒಂದೇ. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಇಲ್ಲಿ ಒಂದು ಉದಾಹರಣೆ ಹಿಡಿಯೋಣ: ಬೆಳಗಾವಿಯ ಹೊರವಲಯದಲ್ಲಿ ಬಿಎಸ್ಸಿ ಇರುವ ಒಂದು ಪದವಿ ಕಾಲೇಜು. ಹತ್ತಿರದಲ್ಲೇ ಉದ್ಯಮಬಾಗ, ಮಚ್ಚೆ ಕೈಗಾರಿಕಾ ಪ್ರದೇಶಗಳು. ಫೌಂಡ್ರಿ, ಮಷಿನ್ ಶಾಪ್, ಹೈಡ್ರಾಲಿಕ್ ಬಿಡಿಭಾಗ ಮಾಡುವ ಘಟಕಗಳು. ಮುಂದೆ ಬರುವ ಹುದ್ದೆ, ಸೀಟುಗಳ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು, ಸಮೀಕ್ಷೆಯವಲ್ಲ. ನಿಮ್ಮ ಊರಿನವನ್ನು ನೀವೇ ತುಂಬಿಕೊಳ್ಳಬೇಕು.

ಎಷ್ಟು ದೂರದ ಕೆಲಸ ನಿಮ್ಮದು

ಜಿಲ್ಲೆಯ ನಕ್ಷೆ ಬೇಡ, ಬಸ್ಸಿನ ವೇಳಾಪಟ್ಟಿ ಬೇಕು. ನಿಮ್ಮ ವಿದ್ಯಾರ್ಥಿಗಳು ಬರುವ ಹಳ್ಳಿಗಳ ಪಟ್ಟಿ ಮಾಡಿ. ಪ್ರತಿ ಹಳ್ಳಿಯಿಂದ ಬೆಳಗಿನ ಮೊದಲ ಬಸ್ ಎಷ್ಟಕ್ಕೆ, ರಾತ್ರಿ ಕೊನೆಯದು ಎಷ್ಟಕ್ಕೆ ಎಂದು ಪಕ್ಕದಲ್ಲಿ ಬರೆಯಿರಿ. ಮೊದಲ ಶಿಫ್ಟ್ ಬೆಳಿಗ್ಗೆ 6ಕ್ಕೋ 7ಕ್ಕೋ ಶುರುವಾಗುವ ಕಾರ್ಖಾನೆಗೆ 6.45ಕ್ಕೆ ಹಳ್ಳಿ ಬಿಡುವ ಬಸ್ಸಿನಿಂದ ಉಪಯೋಗವಿಲ್ಲ. ಬಸ್ಸು ಮುಟ್ಟದ ಕಾರ್ಖಾನೆ ಹತ್ತು ಕಿಲೋಮೀಟರ್ ದೂರದಲ್ಲಿದ್ದರೂ ನಿಮ್ಮ ಲೆಕ್ಕಕ್ಕಿಲ್ಲ. ತಾನೇ ವಾಹನ ಕಳಿಸುವ ಕಾರ್ಖಾನೆ ನಲವತ್ತು ಕಿಲೋಮೀಟರ್ ಆಚೆ ಇದ್ದರೂ ಲೆಕ್ಕಕ್ಕಿದೆ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಖರ್ಚು ಇಲ್ಲವಾಗಿದೆ, ಹಾಗಾಗಿ ಅವರ ಸುತ್ತಳತೆ ದೊಡ್ಡದಾಗಿದೆ. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಎರಡನೇ ಶಿಫ್ಟ್ ಮುಗಿಯುವ ರಾತ್ರಿ ಹತ್ತಕ್ಕೆ ಬಸ್ ಹುಟ್ಟುವುದಿಲ್ಲ. ಅರ್ಧದಷ್ಟು ಹೆಣ್ಣುಮಕ್ಕಳಿರುವ ಕಾಲೇಜು ಜನರಲ್ ಶಿಫ್ಟ್ ಇರುವ ಹುದ್ದೆಗಳನ್ನು ಪ್ರತ್ಯೇಕವಾಗಿ ಎಣಿಸಬೇಕು. ಇದನ್ನು ಮೊದಲೇ ಮಾಡದ ಕೋರ್ಸಿನಲ್ಲಿ ಹುಡುಗಿಯರು ಚೆನ್ನಾಗಿ ಓದಿ ಪಾಸಾಗುತ್ತಾರೆ, ಕೆಲಸಕ್ಕೆ ಮಾತ್ರ ಸೇರುವುದಿಲ್ಲ. ಆಗ "ಆಸಕ್ತಿ ಇಲ್ಲ" ಎಂದು ವರದಿಯಲ್ಲಿ ಬರೆದುಬಿಡುತ್ತಾರೆ.

ಎಣಿಸುವ ಕೆಲಸ

ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಉದ್ಯಮ್ ನೋಂದಣಿಯ (ಸಣ್ಣ, ಮಧ್ಯಮ ಉದ್ಯಮಗಳ ಸರ್ಕಾರಿ ನೋಂದಣಿ) ಮಾಹಿತಿ ಸಿಗುತ್ತದೆ, ಜಿಲ್ಲಾ ಕೌಶಲ ಸಮಿತಿಯ ಬಳಿ ಜಿಲ್ಲೆಯ ಕೌಶಲ ಅಭಿವೃದ್ಧಿ ಯೋಜನೆ ಇರುತ್ತದೆ. ರಾಜ್ಯದ ಸ್ಕಿಲ್ ಕನೆಕ್ಟ್, ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ಗಳಲ್ಲಿ ಖಾಲಿ ಹುದ್ದೆಗಳು ಕಾಣುತ್ತವೆ. ಇವನ್ನೆಲ್ಲ ಕಾರ್ಖಾನೆಗಳ ವಿಳಾಸ ಪಟ್ಟಿ ಮಾಡಿಕೊಳ್ಳಲು ಬಳಸಿ, ಅಷ್ಟೇ. ಉದ್ಯಮ್ ಪಟ್ಟಿಯಲ್ಲಿ ಒಬ್ಬರೇ ನಡೆಸುವ ಅಂಗಡಿಯೂ ಇರುತ್ತದೆ, ಮುಚ್ಚಿದ ಘಟಕವೂ ಇರುತ್ತದೆ. ಪೋರ್ಟಲ್ಲಿನ ಒಂದೇ ಹುದ್ದೆ ಮೂರು ಏಜೆನ್ಸಿಗಳ ಹೆಸರಲ್ಲಿ ಮೂರು ಸಲ ಬಂದಿರುತ್ತದೆ.

ಉಳಿದದ್ದಕ್ಕೆ ನಡೆಯಬೇಕು. ಇಬ್ಬಿಬ್ಬರು ಅಧ್ಯಾಪಕರ ಮೂರು ತಂಡ, ಎರಡು ವಾರ, 40 ಘಟಕ: ಇದು ಮಾಡಬಹುದಾದ ಕೆಲಸ. ದೊಡ್ಡ ಹೆಸರಿನ ಐದು ಕಂಪನಿ ನೋಡಿ ಬಂದರೆ ಸಾಲದು. 15ರಿಂದ 100 ಜನರಿರುವ ಘಟಕಗಳೇ ನಮ್ಮ ಕಾಲೇಜಿನ ಹುಡುಗರನ್ನು ಹೆಚ್ಚಾಗಿ ತೆಗೆದುಕೊಳ್ಳುವವು, ಆದರೆ ಅಲ್ಲಿ ಎಚ್ಆರ್ ವಿಭಾಗವೇ ಇರುವುದಿಲ್ಲ. ಮಾಲೀಕರ ಹತ್ತಿರ ಅನುಮತಿ ಪಡೆದು ಸೂಪರ್‌ವೈಸರ್ ಹತ್ತಿರ ಮಾತಾಡಿ. ಮಾಲೀಕರು "ಒಳ್ಳೆ ಹುಡುಗರು ಸಿಕ್ತಾ ಇಲ್ಲ, ಎಷ್ಟು ಜನ ಕೊಟ್ರೂ ತಗೋತೀವಿ" ಎನ್ನುತ್ತಾರೆ. ಅದು ಸೌಜನ್ಯದ ಮಾತು, ಸಂಖ್ಯೆಯಲ್ಲ.

ಕೇಳಬೇಕಾದವು ಇಷ್ಟೇ: ಈ ಕೆಲಸದಲ್ಲಿ ಈಗ ಎಷ್ಟು ಜನ ಇದ್ದಾರೆ? ಹೋದ 12 ತಿಂಗಳಲ್ಲಿ ಎಷ್ಟು ಜನ ಬಿಟ್ಟರು, *ಎಲ್ಲಿಗೆ* ಹೋದರು? ಅವರ ಜಾಗಕ್ಕೆ ಬಂದವರು ಏನು ಓದಿದ್ದರು? ಮೊದಲ ತಿಂಗಳು ಕೈಗೆ ಎಷ್ಟು ಸಂಬಳ, ಒಂದು ವರ್ಷದ ನಂತರ ಎಷ್ಟು? ಮುಂದಿನ ವರ್ಷ ಹೊಸ ಮಷಿನ್ ಬರುತ್ತದೆಯೇ, ಅಡ್ವಾನ್ಸ್ ಕೊಟ್ಟಾಗಿದೆಯೇ? ಹೊಸಬರು ಮಾಡುವ ಯಾವ ತಪ್ಪಿನಿಂದ ನಿಮಗೆ ನಷ್ಟವಾಗುತ್ತದೆ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಸಿಲಬಸ್ಸಿನ ಅರ್ಧದಷ್ಟಾಗುತ್ತದೆ, ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

"ಎಲ್ಲಿಗೆ ಹೋದರು" ಎನ್ನುವುದನ್ನು ಬಿಟ್ಟರೆ ಇಡೀ ಲೆಕ್ಕ ಹಾಳು. 40 ಘಟಕಗಳಲ್ಲಿ ತಪಾಸಣೆ ಮತ್ತು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷಿನ್) ಕೆಲಸದಲ್ಲಿ ಒಟ್ಟು 420 ಜನ ಇದ್ದಾರೆ, ಹೋದ ವರ್ಷ 90 ಜನ ಬಿಟ್ಟರು ಎಂದಿಟ್ಟುಕೊಳ್ಳಿ. 90 ಖಾಲಿ ಹುದ್ದೆ ಎಂದು ಅನ್ನಿಸುತ್ತದೆ. ಆದರೆ ಅವರಲ್ಲಿ 60 ಜನ ಐನೂರೋ ಸಾವಿರವೋ ಹೆಚ್ಚು ಸಿಗುತ್ತದೆಂದು ಪಕ್ಕದ ರಸ್ತೆಯ ಕಾರ್ಖಾನೆಗೆ ಹೋದವರು. ಒಬ್ಬ ಎದ್ದ ಕುರ್ಚಿಯಲ್ಲಿ ಇನ್ನೊಬ್ಬ ಕೂತ. ಸುತ್ತಿನಲ್ಲಿ ಹೊಸ ಜಾಗ ಹುಟ್ಟಲಿಲ್ಲ. ಊರು ಬಿಟ್ಟವರು, ಕೆಲಸದ ಬಗೆಯನ್ನೇ ಬದಲಿಸಿದವರು, ನಿವೃತ್ತರು ಸೇರಿ 30. ಇನ್ನು 12 ಹೊಸ ಮಷಿನ್‌ಗಳು ಬರಲಿವೆ. ಎರಡು ಶಿಫ್ಟಿಗೆ 24 ಜನ ಎಂದು ಬರೆಯಬೇಡಿ. ಒಬ್ಬನೇ ಎರಡು ಮಷಿನ್ ನೋಡುವ ಕಡೆ ಅದು 12. ಹಾಗಾಗಿ ವರ್ಷದ ನಿಜವಾದ ಬೇಡಿಕೆ 42. ಇದರಲ್ಲಿ ಸುತ್ತಲಿನ ಐಟಿಐ, ಪಾಲಿಟೆಕ್ನಿಕ್, ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇವುಗಳಿಂದ ಬಂದು ಇಲ್ಲೇ ಉಳಿಯುವವರು 22. ಉಳಿದದ್ದು 20.

20 ಕೆಲಸಕ್ಕೆ ಎಷ್ಟು ಸೀಟು? 30ಕ್ಕೆ ಪ್ರವೇಶ ಕೊಟ್ಟರೆ 24 ಜನ ಮುಗಿಸಿಯಾರು. ಅವರಲ್ಲಿ ಕೆಲವರು ಪದವಿಗೆ, ಕೆಲವರು ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೆ ಹೋಗಿ, ಇದೇ ಕೆಲಸ ಹುಡುಕುವವರು 18ರ ಆಸುಪಾಸು. ಅಂದರೆ 30 ಸೀಟಿನ ಒಂದೇ ಬ್ಯಾಚು. 90ನ್ನು ನಂಬಿ 60 ಸೀಟು ತೆರೆದಿದ್ದರೆ ಎರಡನೇ ವರ್ಷದ ಕಥೆ ಮೊದಲೇ ಹೇಳಿದ್ದೇ. ಲೆಕ್ಕ 10ಕ್ಕಿಂತ ಕಡಿಮೆ ಬಂದರೆ ಡಿಪ್ಲೊಮಾ ಬೇಡ, ಇರುವ ಪದವಿಯೊಳಗೆ ಒಂದು ಕೌಶಲ ಪತ್ರಿಕೆ ಸಾಕು.

ಯಾವ ಹುದ್ದೆ

ಸಿಎನ್‌ಸಿ ಆಪರೇಟರ್ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಕೆಲಸಕ್ಕೆ ಐಟಿಐ ಇದೆ, ಅವರ ಬಳಿ ಮಷಿನ್ ಇದೆ, ಬೋಧಕರಿದ್ದಾರೆ. ಪದವಿ ಕಾಲೇಜು ಅಲ್ಲಿ ಸ್ಪರ್ಧೆಗೆ ಇಳಿದರೆ ಹಣ ಮುಗಿದು ಎರಡನೇ ದರ್ಜೆಯ ಐಟಿಐ ಆಗುತ್ತದೆ. ನಿಮ್ಮ ಬಲ ಯಾವುದು? ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರದ ಅಧ್ಯಾಪಕರು, ನಾಲ್ಕು ಸಾಲು ತಪ್ಪಿಲ್ಲದೆ ವರದಿ ಬರೆಯಬಲ್ಲ ವಿದ್ಯಾರ್ಥಿಗಳು. ಮಷಿನ್ ಶಾಪ್‌ನಲ್ಲಿ ಇದಕ್ಕೆ ಒಪ್ಪುವ ಹುದ್ದೆ ಗುಣಮಟ್ಟ ತಪಾಸಕರದ್ದು, ಕಾರ್ಖಾನೆಯವರ ಬಾಯಲ್ಲಿ "ಕ್ಯೂಸಿ". ಜನರಲ್ ಶಿಫ್ಟ್ ಸಿಗುವ ಸಾಧ್ಯತೆ ಹೆಚ್ಚು, ಪ್ರಯೋಗಾಲಯದ ಖರ್ಚು ಒಂದು ಸಿಎನ್‌ಸಿ ಮಷಿನ್‌ಗಿಂತ ಬಹಳ ಕಡಿಮೆ. ಬೇರೆ ಊರಿನಲ್ಲಿ ಉತ್ತರವೂ ಬೇರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಶೀತಲಗೃಹದ ದಾಸ್ತಾನು ಕೆಲಸವಾಗಬಹುದು, ನರಸಾಪುರದ ಸುತ್ತ ಎಲೆಕ್ಟ್ರಾನಿಕ್ಸ್ ಜೋಡಣೆಯ ಗುಣಮಟ್ಟ ಇರಬಹುದು. ತಾಲೂಕು ಕೇಂದ್ರದಲ್ಲಿ ಹೆಸರಿನ ಆಕರ್ಷಣೆಗಾಗಿ "ಕೃತಕ ಬುದ್ಧಿಮತ್ತೆ ಡಿಪ್ಲೊಮಾ" ತೆರೆಯುವವರು ಅದೇ ಆರು ಪ್ರಶ್ನೆ ಹಿಡಿದು ಊರೊಳಗೆ ಒಂದು ಸುತ್ತು ಬರಲಿ.

ಹುದ್ದೆ ತೀರ್ಮಾನವಾದ ಮೇಲೆ ನ್ಯಾಷನಲ್ ಕ್ವಾಲಿಫಿಕೇಷನ್ ರಿಜಿಸ್ಟರ್ ಜಾಲತಾಣದಲ್ಲಿ ಅದಕ್ಕೆ ಹತ್ತಿರದ ಅರ್ಹತೆಯನ್ನು ಹುಡುಕಿ. ಪ್ರತಿಯೊಂದಕ್ಕೂ ಕೋಡ್, ಮಟ್ಟ, ಯಾವ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನದು (ಆಯಾ ಉದ್ಯಮದ ಕೌಶಲ ಮಾನದಂಡ ರೂಪಿಸುವ ಮಂಡಳಿ) ಎಂಬ ವಿವರ, ಜೊತೆಗೆ ಮಾನ್ಯತೆ ಮುಗಿಯುವ ದಿನಾಂಕ ಇರುತ್ತದೆ. ಆ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ಬ್ಯಾಚು ನಡುವಿನಲ್ಲಿರುವಾಗ ಅರ್ಹತೆಯ ಅವಧಿ ಮುಗಿದರೆ ಮೌಲ್ಯಮಾಪನ ನಿಂತು ಪ್ರಮಾಣಪತ್ರಕ್ಕೆ ಅಲೆದಾಟ ಶುರುವಾಗುತ್ತದೆ. ಮಟ್ಟದ ವಿಷಯದಲ್ಲೂ ಎಚ್ಚರ ಬೇಕು. ಹಳೆಯ ಕೌಶಲ ಚೌಕಟ್ಟಿನಲ್ಲಿ 10 ಮಟ್ಟಗಳಿದ್ದವು, 2023ರ ಪರಿಷ್ಕರಣೆಯ ನಂತರ 8. ಹಳೆಯ ಪ್ರಸ್ತಾವನೆಯನ್ನು ನಕಲು ಮಾಡಿದರೆ "ಡಿಪ್ಲೊಮಾ, ಮಟ್ಟ 5" ಎಂಬ ಹಳೆಯ ಸಾಲು ಹಾಗೇ ಉಳಿದು ವಿಶ್ವವಿದ್ಯಾಲಯದಿಂದ ಕಡತ ವಾಪಸು ಬರುತ್ತದೆ.

ಎರಡು ದಿನ, ಹತ್ತು ಜನ, ಒಂದು ಗೋಡೆ

ಸಿಲಬಸ್ ಬರೆಯುವ ಮುಂಚೆ ಕೆಲಸವನ್ನು ಬಿಡಿಸಿ ಹಾಕಬೇಕು. ಇದಕ್ಕೆ ಉತ್ತರ ಅಮೆರಿಕದ ಸಮುದಾಯ ಕಾಲೇಜುಗಳು ದಶಕಗಳಿಂದ ಬಳಸುವ ಡ್ಯಾಕಮ್ ಎಂಬ ಪದ್ಧತಿ ಇದೆ. ಖರ್ಚು ಊಟ, ಚಹಾ, ಬಣ್ಣದ ಕಾಗದ, ಬಂದವರ ಎರಡು ದಿನದ ಕೂಲಿ. ನಮ್ಮ ಕಡೆ ಇದನ್ನು ಮಾಡುವವರು ವಿರಳ. ಪಠ್ಯಕ್ರಮ ಕಾರ್ಯಾಗಾರವೆಂದರೆ ಉದ್ಘಾಟನೆ, ಶಾಲು, ಸ್ಮರಣಿಕೆ, ಮಧ್ಯಾಹ್ನದ ಹೊತ್ತಿಗೆ ಮುಗಿಯುವ ಚರ್ಚೆ.

ಆ ಹುದ್ದೆಯಲ್ಲಿ ಈಗ ದುಡಿಯುತ್ತಿರುವ 5ರಿಂದ 12 ಜನರನ್ನು ಕರೆಯಬೇಕು. ಮಾಲೀಕರು ಬೇಡ, ಮ್ಯಾನೇಜರ್ ಬೇಡ, ಪ್ರಾಧ್ಯಾಪಕರು ಗೋಡೆಯ ಬದಿ ಸುಮ್ಮನೆ ಕೂರಲಿ. ಮ್ಯಾನೇಜರ್ ಕೋಣೆಯಲ್ಲಿದ್ದರೆ ಕೆಲಸಗಾರರು ನಿಯಮದಲ್ಲಿ ಬರೆದದ್ದನ್ನು ಹೇಳುತ್ತಾರೆ, ಮಾಡುವುದನ್ನಲ್ಲ. ನಡೆಸುವವರು ಆ ವಿಷಯದ ಪಂಡಿತರಾಗಿರದಿದ್ದರೇ ಒಳ್ಳೆಯದು. ಅರ್ಥವಾಗದ್ದನ್ನು ಕೇಳುವ ಸಂಕೋಚ ಅವರಿಗಿರುವುದಿಲ್ಲ. "ನಿಮಗೆ ಏನು ಗೊತ್ತಿರಬೇಕು?" ಎಂದು ಕೇಳಿದರೆ "ಮೆಟ್ರಾಲಜಿ" (ಅಳತೆಯ ಶಾಸ್ತ್ರ) ಎಂಬ ಒಂದು ಪದ ಬರುತ್ತದೆ. "ನಿನ್ನೆ ಶಿಫ್ಟಿಗೆ ಬಂದು ಕಾರ್ಡ್ ಪಂಚ್ ಮಾಡಿದ ಮೇಲೆ ಮೊದಲು ಏನು ಮಾಡಿದಿರಿ?" ಎಂದು ಕೇಳಿ. ಉತ್ತರ ಬರುತ್ತದೆ: ಹಿಂದಿನ ಶಿಫ್ಟಿನ ರಿಜಿಸ್ಟರ್ ನೋಡಿದೆ, ಮೈಕ್ರೋಮೀಟರ್ ಸೊನ್ನೆ ಸರಿ ಇದೆಯೇ ನೋಡಿದೆ, ಮೊದಲ ತುಂಡು ಅಳೆದೆ, ಆಪರೇಟರ್‌ಗೆ ಮಷಿನ್‌ನ ಆಫ್‌ಸೆಟ್ (ಅಳತೆ ಸರಿಹೊಂದಿಸುವ ಅಂಕಿ) ಬದಲಿಸಲು ಹೇಳಿದೆ.

ಪ್ರತಿಯೊಂದನ್ನೂ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಪ್ರತಿ ಸಾಲೂ ಕ್ರಿಯಾಪದದಲ್ಲಿ ಮುಗಿಯಬೇಕು: ಅಳೆಯುವುದು, ಹೋಲಿಸುವುದು, ಬೇರ್ಪಡಿಸುವುದು, ದಾಖಲಿಸುವುದು. ಎರಡನೇ ದಿನದ ಸಂಜೆಗೆ ಎಂಟು ಹತ್ತು ದೊಡ್ಡ ಹೊಣೆಗಳು, ಅವುಗಳ ಕೆಳಗೆ ನೂರರ ಆಸುಪಾಸು ಸಣ್ಣ ಕೆಲಸಗಳು ನಿಲ್ಲುತ್ತವೆ. ಆಮೇಲೆ ಪ್ರತಿ ಚೀಟಿಯ ಮೇಲೆ ಮೂರು ಗುರುತು: ಎಷ್ಟು ಸಲ ಮಾಡುತ್ತೀರಿ, ತಪ್ಪಿದರೆ ಎಷ್ಟು ನಷ್ಟ, ಹೊಸಬರು ಬಂದ ದಿನವೇ ಗೊತ್ತಿರಬೇಕೋ ಕಾರ್ಖಾನೆಯಲ್ಲೇ ಕಲಿಸುತ್ತೀರೋ. ಕಾರ್ಖಾನೆಯಲ್ಲೇ ಕಲಿಸುತ್ತೇವೆ ಎಂದದ್ದನ್ನು ಸಿಲಬಸ್ಸಿನಿಂದ ತೆಗೆಯಿರಿ. ಅಧ್ಯಾಪಕರಿಗೆ ಕಷ್ಟವಾಗುವುದು ಇದೇ. ತಮಗೆ ಇಷ್ಟದ ಘಟಕ ಹೋಗುತ್ತದೆ.

ಇಂಥ ಗೋಡೆಯ ಮೇಲೆ ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಹೊಣೆ ಬಂದೇ ಬರುತ್ತದೆ: ಆಪರೇಟರ್ ಹತ್ತು ವರ್ಷ ದೊಡ್ಡವರು, ಅವರ ತುಂಡು ರಿಜೆಕ್ಟ್ ಎಂದು ಹೇಳಬೇಕು. "ಅಣ್ಣಾ, ಇದೊಂದ್ಸಲ ನೋಡ್ರಿ" ಎನ್ನುವ ಮಾತಿನಿಂದ ಶುರುಮಾಡಿ ದಾಖಲೆಯಲ್ಲಿ ರಾಜಿ ಮಾಡಿಕೊಳ್ಳದೆ ಮುಗಿಸುವುದು. ಸಂವಹನ ಪತ್ರಿಕೆಯಲ್ಲಿ ಸ್ವಪರಿಚಯ ಭಾಷಣದ ಬದಲು ಇದನ್ನು ಅಭ್ಯಾಸ ಮಾಡಿಸಿ.

ಕ್ರೆಡಿಟ್

ಯುಜಿಸಿಯ ಬಿ.ವೊಕ್. ಮಾರ್ಗಸೂಚಿಯಲ್ಲಿ ಒಂದು ವರ್ಷದ ಡಿಪ್ಲೊಮಾ ಎಂದರೆ 60 ಕ್ರೆಡಿಟ್: 36 ಕೌಶಲ, 24 ಸಾಮಾನ್ಯ ಶಿಕ್ಷಣ. ಎರಡು ವರ್ಷಕ್ಕೆ 120, ಮೂರು ವರ್ಷದ ಪದವಿಗೆ 180. ತರಗತಿ ಮತ್ತು ಲ್ಯಾಬಿನಲ್ಲಿ ಸುಮಾರು 15 ಗಂಟೆಗೆ ಒಂದು ಕ್ರೆಡಿಟ್, ಇಂಟರ್ನ್‌ಶಿಪ್‌ಗೆ ಅದರ ಅರ್ಧ ತೂಕ, ಅಂದರೆ 30 ಗಂಟೆಗೆ ಒಂದು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬೇರೆ ರೀತಿ ಎಣಿಸುತ್ತದೆ: ಸ್ವಂತ ಓದಿನ ಸಮಯವನ್ನೂ ಸೇರಿಸಿ ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಎರಡನ್ನೂ ಬೆರೆಸಿ ಕೋಷ್ಟಕ ಮಾಡಿದರೆ ಕೂಡಿಕೆ ಎಂದೂ ಹೊಂದುವುದಿಲ್ಲ. ನಿಮ್ಮ ವಿಶ್ವವಿದ್ಯಾಲಯ ಯಾವುದನ್ನು ಒಪ್ಪುತ್ತದೆಂದು ಕುಲಸಚಿವರ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಪದವಿಯೊಳಗೇ ಪತ್ರಿಕೆ ಸೇರಿಸುವವರು, ರಾಜ್ಯ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದ ಮೇಲಿನ ಪಠ್ಯಕ್ರಮ ಚೌಕಟ್ಟನ್ನೇ ನೋಡಬೇಕು.

60ರ ಲೆಕ್ಕದಲ್ಲಿ ತಪಾಸಣೆಯ ಡಿಪ್ಲೊಮಾ ಹೀಗೆ ಕೂರುತ್ತದೆ. ಕೌಶಲದ 36ರಲ್ಲಿ ಡ್ರಾಯಿಂಗ್ ಓದುವುದು 4, ಅಳತೆಯ ಲ್ಯಾಬ್ 8, ಲೇತ್–ಮಿಲ್ಲಿಂಗ್–ಎರಕದ ಪರಿಚಯ 4, ಗುಣಮಟ್ಟ ವ್ಯವಸ್ಥೆ ಮತ್ತು ಸಂಖ್ಯಾಶಾಸ್ತ್ರ 5, ಎಕ್ಸೆಲ್ ಮತ್ತು ವರದಿ 3, ಕಾರ್ಖಾನೆ ಅಭ್ಯಾಸ 12. ಕೊನೆಯ 12 ಎಂದರೆ 360 ಗಂಟೆ, ದಿನಕ್ಕೆ ಎಂಟರಂತೆ 45 ದಿನ. ಅದನ್ನು ಎರಡನೇ ಸೆಮಿಸ್ಟರಿನ ಕೊನೆಗೆ ಒಟ್ಟಿಗೆ ಇಡುವುದು ಎಲ್ಲರ ರೂಢಿ. ಹಾಗೆ ಮಾಡಬೇಡಿ. ಮೊದಲ ಸೆಮಿಸ್ಟರಿನಲ್ಲೇ 10 ದಿನ ಕಳಿಸಿ. ಎಂಟು ಗಂಟೆ ನಿಂತು ಕೆಲಸ ಮಾಡಲಾಗದವರು ಆಗಲೇ ಗೊತ್ತಾಗುತ್ತಾರೆ, ಉಳಿದವರು ಲ್ಯಾಬಿಗೆ ಪ್ರಶ್ನೆ ಹೊತ್ತು ಬರುತ್ತಾರೆ. ಸಾಮಾನ್ಯ ಶಿಕ್ಷಣದ 24ರಲ್ಲಿ ಅನ್ವಯಿಕ ಗಣಿತ 6, ಪದಾರ್ಥ ಮತ್ತು ಅಳತೆಯ ಭೌತಶಾಸ್ತ್ರ 6, ಕನ್ನಡ–ಇಂಗ್ಲಿಷ್ ಸಂವಹನ 6, ಕಾರ್ಮಿಕ ಕಾನೂನು ಮತ್ತು ಸುರಕ್ಷತೆ 4, ಪರಿಸರ 2.

ಲ್ಯಾಬ್: ಹಣ ಎಲ್ಲಿ ಹಾಕಬೇಕು

30 ಜನರನ್ನು 15ರ ಎರಡು ಗುಂಪು ಮಾಡಿ. 150 ಮಿ.ಮೀ. ವರ್ನಿಯರ್ ಕ್ಯಾಲಿಪರ್ (ಅತಿ ಚಿಕ್ಕ ಅಳತೆ 0.02 ಮಿ.ಮೀ.) 15, 0–25 ಮಿ.ಮೀ. ಮೈಕ್ರೋಮೀಟರ್ 15, 25–50ರದು 8. ಸ್ಟ್ಯಾಂಡ್ ಸಮೇತ ಡಯಲ್ ಗೇಜ್ 5, ಬೋರ್ ಗೇಜ್ 3, 300 ಮಿ.ಮೀ. ಹೈಟ್ ಗೇಜ್ 2, ಗ್ರಾನೈಟ್ ಸರ್ಫೇಸ್ ಪ್ಲೇಟ್ 2, ವಿ–ಬ್ಲಾಕ್ 4, ಒಂದು ಸೈನ್ ಬಾರ್, ಒಂದು ಸ್ಲಿಪ್ ಗೇಜ್ ಸೆಟ್, ಐದು ಅಳತೆಯ ಗೋ–ನೋಗೋ ಪ್ಲಗ್ ಗೇಜ್ (ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು). ಕೈಗೊಂದು ಉಪಕರಣ ಇರಲೇಬೇಕಾದದ್ದು ಮೊದಲ ಎರಡಕ್ಕೆ ಮಾತ್ರ. ನಾಲ್ವರಿಗೆ ಒಂದು ಮೈಕ್ರೋಮೀಟರ್ ಇದ್ದರೆ ಒಬ್ಬ ಅಳೆಯುತ್ತಾನೆ, ಮೂವರು ಅವನ ಅಂಕಿ ನಕಲು ಮಾಡುತ್ತಾರೆ. ಡಿಜಿಟಲ್ ಕ್ಯಾಲಿಪರ್ ಮೊದಲ ತಿಂಗಳು ಬೀರುವಿನಲ್ಲೇ ಇರಲಿ.

ತುಂಡಿನ ಆಕಾರವನ್ನು ಮೂರು ಆಯಾಮದಲ್ಲಿ ಅಳೆಯುವ ಕೋಆರ್ಡಿನೇಟ್ ಮೆಷರಿಂಗ್ ಮಷಿನ್ ಕೊಳ್ಳಬೇಡಿ. ಹವಾನಿಯಂತ್ರಿತ ಕೋಣೆ, ವಾರ್ಷಿಕ ನಿರ್ವಹಣೆ, ನಡೆಸಬಲ್ಲ ಒಬ್ಬ ವ್ಯಕ್ತಿ: ಇವು ಮೂರೂ ಇಲ್ಲದೆ ಅದು ಉದ್ಘಾಟನೆಯ ಫೋಟೋಗೆ ಮಾತ್ರ. ಜಿಟಿಟಿಸಿಯಲ್ಲೋ ದೊಡ್ಡ ಕಾರ್ಖಾನೆಯಲ್ಲೋ ಸೆಮಿಸ್ಟರಿಗೆ ನಾಲ್ಕು ದಿನ ಗಂಟೆ ಲೆಕ್ಕದಲ್ಲಿ ಕೇಳಿ ಪಡೆಯಿರಿ.

ಸರ್ಕಾರಿ ಕಾಲೇಜಾದರೆ ಖರೀದಿ ಪಾರದರ್ಶಕತೆ ಕಾಯ್ದೆಯ ಟೆಂಡರ್ ಹಾದಿಯಲ್ಲಿ ನಡೆಯುತ್ತದೆ. ಅಲ್ಲಿ "ವರ್ನಿಯರ್, 15 ನಗ" ಎಂದಷ್ಟೇ ಬರೆದರೆ ಕಡಿಮೆ ಬೆಲೆಯ ಆಟಿಕೆ ಬರುತ್ತದೆ, ತಿರಸ್ಕರಿಸಲು ಆಧಾರ ಇರುವುದಿಲ್ಲ. ಅಳತೆಯ ವ್ಯಾಪ್ತಿ, ಅತಿ ಚಿಕ್ಕ ಅಳತೆ, ಅನುಮತಿಸುವ ದೋಷ, ಎನ್ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ಕ್ಯಾಲಿಬ್ರೇಷನ್ ಪ್ರಮಾಣಪತ್ರ: ನಾಲ್ಕನ್ನೂ ನಿರ್ದಿಷ್ಟವಾಗಿ ಬರೆಯಿರಿ. ಪ್ರತಿ ವರ್ಷದ ಕ್ಯಾಲಿಬ್ರೇಷನ್‌ಗೂ ಬಜೆಟ್‌ನಲ್ಲಿ ಒಂದು ಸಾಲು ಇಡಿ. ಪ್ರಮಾಣಪತ್ರ ಓದುವುದೇ ಒಂದು ಪ್ರಯೋಗ.

ಉಪಕರಣಕ್ಕಿಂತ ಹೆಚ್ಚು ಬೇಕಾದದ್ದು ಅಳೆಯಲು ತುಂಡುಗಳು. ಕಾರ್ಖಾನೆಗಳ ರಿಜೆಕ್ಟ್ ಪೆಟ್ಟಿಗೆಯಿಂದ ನೂರು ತುಂಡು, ಅವುಗಳ ಡ್ರಾಯಿಂಗ್ ಸಮೇತ (ಗ್ರಾಹಕರ ಹೆಸರು ಅಳಿಸಿ ಕೊಡಲು ಹೇಳಿ) ತನ್ನಿ. ಡ್ರಾಯಿಂಗ್‌ನಲ್ಲಿ "25 ಎಚ್7" ಎಂದು ಬರೆದ 25 ಮಿ.ಮೀ. ರಂಧ್ರದ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ 0.021 ಮಿ.ಮೀ. ಮಾತ್ರ ಎನ್ನುವುದು ಕೋಷ್ಟಕದಲ್ಲಿ ಓದಿದಾಗ ತಲೆಗೆ ಹತ್ತುವುದಿಲ್ಲ. ರಿಜೆಕ್ಟ್ ಆದ ತುಂಡಿಗೆ ಪ್ಲಗ್ ಗೇಜ್ ಹಾಕಿದಾಗ ಹತ್ತುತ್ತದೆ. ಇನ್ನೊಂದು ಪ್ರಯೋಗವನ್ನು ಬಿಡಲೇಬಾರದು: 10 ತುಂಡು, 3 ವಿದ್ಯಾರ್ಥಿಗಳು, ಪ್ರತಿಯೊಬ್ಬರೂ ಮೂರು ಸಲ, ಒಟ್ಟು 90 ಅಳತೆ. ಗೇಜ್ ಆರ್ ಅಂಡ್ ಆರ್ ಎನ್ನುವ ಈ ಲೆಕ್ಕದಲ್ಲಿ ಅಳೆಯುವ ರೀತಿಯಿಂದಲೇ ಬರುವ ವ್ಯತ್ಯಾಸ ಶೇ. 10ರೊಳಗೆ ಬಂದರೆ ಸರಿ, 30 ದಾಟಿದರೆ ಆ ಅಳತೆಯನ್ನು ನಂಬುವಂತಿಲ್ಲ. ಮೊದಲ ಸಲ ಬಹಳಷ್ಟು ಗುಂಪುಗಳು 30 ದಾಟುತ್ತವೆ. ಕಾರಣಗಳನ್ನು ಅವರೇ ಹುಡುಕಲಿ: ಮೈಕ್ರೋಮೀಟರಿನ ಥಿಂಬಲ್ (ತಿರುಗಿಸುವ ಹಿಡಿ) ಬಿಗಿಯುವ ಜೋರು, ಬರ್ (ಲೋಹದ ಚೂಪು ಸಿಬಿರು) ತೆಗೆಯದ ಅಂಚು, ಮಷಿನ್‌ನಿಂದ ಆಗಷ್ಟೇ ಬಂದ ಬಿಸಿ ತುಂಡು. 100 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ, ಬಿಎಸ್ಸಿ ಭೌತಶಾಸ್ತ್ರದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಕಾರ್ಖಾನೆಯ ಜೊತೆ ಒಪ್ಪಂದ

"ಪರಸ್ಪರ ಸಹಕಾರ ನೀಡಲು ಒಪ್ಪಿದ್ದೇವೆ" ಎಂಬ ಒಡಂಬಡಿಕೆ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತಕ್ಕೆ ಸರಿ. ಕೋರ್ಸಿಗೆ ಬೇಕಾದದ್ದು ಒಂದು ಪುಟದ ಪಟ್ಟಿ: ಎಷ್ಟು ಜನ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ವಿಭಾಗ, ಯಾವ ಶಿಫ್ಟ್, ಸ್ಟೈಪೆಂಡ್ ಎಷ್ಟು, ಕ್ಯಾಂಟೀನ್ ಮತ್ತು ವಾಹನ ಇದೆಯೇ, ಯಾರ ಕೈಕೆಳಗೆ, ಹಾಜರಿಗೆ ಸಹಿ ಮಾಡುವವರು ಯಾರು. ಸೂಪರ್‌ವೈಸರ್ ಹೆಸರಿಲ್ಲದ ಒಪ್ಪಂದದಡಿ ಹೋದ ವಿದ್ಯಾರ್ಥಿ ಮೂರನೇ ದಿನಕ್ಕೆ ಪ್ಯಾಕಿಂಗ್‌ನಲ್ಲಿರುತ್ತಾನೆ. ವಾರಕ್ಕೊಮ್ಮೆ ಅಧ್ಯಾಪಕರು ಹೋಗಿ, ಡ್ಯಾಕಮ್ ಗೋಡೆಯ ಕೆಲಸಗಳ ಪಟ್ಟಿಯಲ್ಲಿ ಆ ವಾರ ಯಾವುದು ಮಾಡಿಸಿದರು ಎಂದು ಗುರುತು ಹಾಕಿಸಿಕೊಂಡರೆ ಇದು ನಿಲ್ಲುತ್ತದೆ.

ಸಾಧ್ಯವಾದಲ್ಲೆಲ್ಲ ಬರೀ ಇಂಟರ್ನ್‌ಶಿಪ್ ಬದಲು 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿಸಿ. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬ ನಿಯಮವಿದೆ. 4ರಿಂದ 29 ಜನರಿರುವ ಕಡೆ ಅದು ಐಚ್ಛಿಕ. ಸಣ್ಣ ಮಾಲೀಕರಿಗೆ ಈ ನಿಯಮಕ್ಕಿಂತ ಹಣದ ಲೆಕ್ಕ ಬೇಗ ಅರ್ಥವಾಗುತ್ತದೆ: ಪದವಿ, ಡಿಪ್ಲೊಮಾದವರ ನ್ಯಾಟ್ಸ್ ಯೋಜನೆಯಲ್ಲಿ ನಿಗದಿತ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ, ಇನ್ನೊಂದು ಅಪ್ರೆಂಟಿಸ್ ಯೋಜನೆಯಾದ ನ್ಯಾಪ್ಸ್‌ನಲ್ಲಿ ಶೇ. 25, ತಿಂಗಳಿಗೆ ಗರಿಷ್ಠ ₹1,500. ಪೋರ್ಟಲ್ಲಿನ ಅರ್ಜಿಯನ್ನು ಕಾಲೇಜಿನ ಒಬ್ಬರು ಕಾರ್ಖಾನೆಯಲ್ಲೇ ಕೂತು ತುಂಬಿಸಿಕೊಡಬೇಕು. "ನೀವೇ ಮಾಡ್ಕೊಳ್ಳಿ" ಎಂದರೆ ಅದು ಆಗುವುದಿಲ್ಲ. ಕೆಲಸದಲ್ಲಿ ಗಾಯವಾದರೆ ನೋಂದಾಯಿತ ಅಪ್ರೆಂಟಿಸ್‌ಗೆ ಕಾಯ್ದೆಯ ಪರಿಹಾರವಿದೆ. ಬರೀ ಕಾಲೇಜಿನ ಪತ್ರ ಹಿಡಿದು ಹೋದವರಿಗಾಗಿ ಕಾಲೇಜೇ ಗುಂಪು ಅಪಘಾತ ವಿಮೆ ಮಾಡಿಸಬೇಕು. ಸುರಕ್ಷತಾ ಶೂ ಇಲ್ಲದವರನ್ನು ಗೇಟ್ ಒಳಗೆ ಬಿಡುವುದಿಲ್ಲ, ಅದರ ಹಣವನ್ನು ಪ್ರವೇಶ ಶುಲ್ಕದಲ್ಲೇ ಸೇರಿಸಿ ಅಥವಾ ದಾನಿಗಳನ್ನು ಹುಡುಕಿ.

ಯಾವ ತಿಂಗಳು ಏನು

ಜುಲೈ–ಆಗಸ್ಟ್‌ನಲ್ಲಿ ತರಗತಿ ಶುರುವಾಗಬೇಕಾದರೆ ಹಿಂದಿನ ವರ್ಷದ ಜೂನ್‌ನಲ್ಲೇ ನಡಿಗೆ ಆರಂಭ. ಆಗಸ್ಟ್ ಹೊತ್ತಿಗೆ ಲೆಕ್ಕ, ಸೆಪ್ಟೆಂಬರ್‌ನಲ್ಲಿ ಗೋಡೆ, ನವೆಂಬರ್‌ಗೆ ಸಿಲಬಸ್ ಕರಡು. ಹೊಸ ಕೋರ್ಸಿನ ಸಂಯೋಜನೆಗೆ (ಅಫಿಲಿಯೇಷನ್) ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸಿದಾಗ ಅರ್ಜಿ, ನಂತರ ಸ್ಥಳೀಯ ವಿಚಾರಣಾ ಸಮಿತಿಯ ಭೇಟಿ, ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್. ಅಧ್ಯಯನ ಮಂಡಳಿ ವರ್ಷಕ್ಕೆ ಒಂದೆರಡು ಸಲ ಮಾತ್ರ ಸೇರುವ ಕಡೆ ಒಂದು ಸಭೆ ತಪ್ಪಿದರೆ ಒಂದು ವರ್ಷ ಹೋಯಿತು. ಪಿಯು ಫಲಿತಾಂಶ ಬರುವ ಏಪ್ರಿಲ್ ಹೊತ್ತಿಗೆ ಕರಪತ್ರ ಕೈಯಲ್ಲಿರಬೇಕು. ಅದರಲ್ಲಿ "ಉಜ್ವಲ ಭವಿಷ್ಯ" ಬೇಡ. ಮೊದಲ ತಿಂಗಳ ಸಂಬಳ, ಶಿಫ್ಟ್, ನಿಂತು ಮಾಡುವ ಕೆಲಸ ಎಂಬ ಮೂರನ್ನೂ ಇದ್ದಂತೆ ಬರೆಯಿರಿ. ಅರ್ಜಿ ಕಡಿಮೆಯಾಗುತ್ತವೆ, ನಡುವೆ ಬಿಡುವವರೂ ಕಡಿಮೆಯಾಗುತ್ತಾರೆ. ಅಪ್ಪ ಅಮ್ಮಂದಿರನ್ನು ಒಂದು ದಿನ ಕಾರ್ಖಾನೆಯೊಳಗೆ ಕರೆದೊಯ್ಯಿರಿ. ಮಗಳ ಶಿಫ್ಟಿನ ಪ್ರಶ್ನೆಗೆ ಕಾಲೇಜಿನ ಮಾತಿಗಿಂತ ಅವರು ಕಣ್ಣಾರೆ ಕಂಡದ್ದು ಉತ್ತರ ಕೊಡುತ್ತದೆ.

ವಿದ್ಯಾರ್ಥಿಗಳ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಗಳಿಸಿದ ಕ್ರೆಡಿಟ್ ಜಮೆಯಾಗುವ ಆನ್‌ಲೈನ್ ವ್ಯವಸ್ಥೆ) ಖಾತೆಯನ್ನು ಪ್ರವೇಶದ ವಾರವೇ ತೆರೆಸಿ. ಡಿಪ್ಲೊಮಾದ ನಂತರ ಪದವಿಗೆ ಹೋಗುವವರಿಗೆ ಆ ಕ್ರೆಡಿಟ್ ಬೇಕಾಗುತ್ತದೆ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು ಹೆಸರಿದ್ದರೆ ಸರಿಪಡಿಸಲು ತಿಂಗಳುಗಳೇ ಬೇಕು.

ಮುಂದುವರಿಸಬೇಕೋ, ನಿಲ್ಲಿಸಬೇಕೋ

ಪಾಸಾದ ದಿನ "ಪ್ಲೇಸ್ಡ್" ಎಂದು ಬರೆದುಕೊಂಡ ಸಂಖ್ಯೆಗೆ ಬೆಲೆಯಿಲ್ಲ. 3, 6, 12ನೇ ತಿಂಗಳಲ್ಲಿ ಫೋನ್ ಮಾಡಿ: ಇದೇ ಕೆಲಸದಲ್ಲಿದ್ದೀರಾ, ಕೈಗೆ ಎಷ್ಟು ಬರುತ್ತದೆ, ನಾವು ಕಲಿಸಿದ್ದರಲ್ಲಿ ಏನು ಉಪಯೋಗಕ್ಕೆ ಬರಲಿಲ್ಲ? ಹುಡುಗರು ಸಿಮ್ ಬದಲಿಸುತ್ತಾರೆ, ಆದ್ದರಿಂದ ಮನೆಯವರದೂ ಒಬ್ಬ ಗೆಳೆಯನದೂ ನಂಬರ್ ಇರಲಿ. ಆರನೇ ತಿಂಗಳಲ್ಲಿ ಅವರ ಸೂಪರ್‌ವೈಸರ್‌ಗೂ ಒಂದು ಕರೆ.

ನಿಲ್ಲಿಸುವ ನಿಯಮವನ್ನು ಕೋರ್ಸ್ ಶುರುವಾಗುವ ಮೊದಲೇ ಆಡಳಿತ ಮಂಡಳಿಯ ನಡಾವಳಿಯಲ್ಲಿ ಬರೆಸಿ. ಆಮೇಲೆ ಯಾರಿಗೂ ಬರೆಯುವ ಮನಸ್ಸಿರುವುದಿಲ್ಲ. ಉದಾಹರಣೆಗೆ: ಸತತ ಎರಡು ಬ್ಯಾಚುಗಳಲ್ಲಿ ಆರನೇ ತಿಂಗಳಿಗೆ ಕೆಲಸದಲ್ಲಿರುವವರು ಅರ್ಧಕ್ಕಿಂತ ಕಡಿಮೆಯಾದರೆ, ಅಥವಾ ನೇಮಿಸಿಕೊಳ್ಳುವ ಪ್ರಮುಖ ಘಟಕಗಳಲ್ಲಿ ಮೂರು ಹಿಂದೆ ಸರಿದರೆ, ಒಂದು ವರ್ಷ ಪ್ರವೇಶ ಇಲ್ಲ. ಆ ವರ್ಷ ಮತ್ತೆ 40 ಘಟಕಗಳ ಸುತ್ತು. ಒಳಗಿರುವ ಬ್ಯಾಚನ್ನು ಮಾತ್ರ ಪೂರ್ತಿ ಮುಗಿಸಲೇಬೇಕು, ಅದಕ್ಕೆ ಬೇಕಾದ ಅತಿಥಿ ಉಪನ್ಯಾಸಕರ ಸಂಭಾವನೆಯನ್ನು ಮೊದಲ ವರ್ಷವೇ ಬೇರೆ ಖಾತೆಯಲ್ಲಿ ತೆಗೆದಿಡಿ. ಪ್ರವೇಶ ನಿಲ್ಲಿಸಿದ ವಿಷಯವನ್ನು ವಿಶ್ವವಿದ್ಯಾಲಯಕ್ಕೆ ಲಿಖಿತವಾಗಿ ತಿಳಿಸಿ. ಮೈಕ್ರೋಮೀಟರ್‌ಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಎರಡು ತುದಿ ತಾಗದಂತೆ ಸ್ವಲ್ಪ ತೆರೆದು ಪೆಟ್ಟಿಗೆಯಲ್ಲಿಡಿ. ಬಿಎಸ್ಸಿ ಭೌತಶಾಸ್ತ್ರದ ಲ್ಯಾಬ್ ಅವನ್ನು ಮರುದಿನದಿಂದಲೇ ಬಳಸಬಹುದು.